ಪರೀಕ್ಷೆಗೆ ಕೂತ ಗಂಟು

ನಾನು ಡಾಕ್ಟರಲ್ಲ, ಬೋರ್ಡು ಬರೆಯುವ ಪೇಂಟರು. ಆದರೂ ಹೈದರಾಬಾದಿನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ನನ್ನ ಮುಖ ಮುಟ್ಟದೆ ಡಾಕ್ಟರಾಗಿ ಹೊರಬಿದ್ದವರು ಕಡಿಮೆ. ಇವತ್ತು ಗಚ್ಚಿಬೌಲಿಯ ಗಾಜಿನ ಆಸ್ಪತ್ರೆಗಳಲ್ಲಿ ಎಸಿ ಹಾಕಿಕೊಂಡು ಕೂತು, ರೋಗಿಯ ಮುಖ ಬಿಟ್ಟು ಕಂಪ್ಯೂಟರ್ ನೋಡುವ ದೊಡ್ಡ ಮನುಷ್ಯರಲ್ಲಿ ಎಷ್ಟೋ ಮಂದಿ ಒಂದು ಕಾಲಕ್ಕೆ ನನ್ನ ಮಂಚದ ಪಕ್ಕ ನಿಂತು ನಡುಗಿದವರೇ. ಅವರ ಅಂಗೈ ಬೆವರು ನನ್ನ ಕೆನ್ನೆಗೆ ಗೊತ್ತು.

ಇದಕ್ಕೆಲ್ಲ ಕಾರಣ ನನ್ನ ಎಡಗಿವಿಯ ಕೆಳಗೆ ಬೆಳೆದಿದ್ದ ಒಂದು ಗಂಟು. ಮೊದಲು ಗೋಲಿಯಷ್ಟಿತ್ತು, ಬರಬರುತ್ತ ನಿಂಬೆಹಣ್ಣಿನಷ್ಟಾಯಿತು. ನೋವಿಲ್ಲ, ಉರಿಯಿಲ್ಲ. ಕಿವಿಯ ತುದಿಯನ್ನು ಸ್ವಲ್ಪ ಮೇಲಕ್ಕೆತ್ತಿ ನಿಲ್ಲಿಸಿತ್ತು, ಅಷ್ಟೆ. ಸರ್ಜರಿ ವಿಭಾಗದ ಪ್ರೊಫೆಸರ್ ಮೊದಲ ದಿನವೇ ಹೇಳಿದ್ದರು: ಇದು ಜೊಲ್ಲಿನ ಗ್ರಂಥಿಯಲ್ಲಿ ಎದ್ದ ಗಂಟು, ಕೆಟ್ಟ ಜಾತಿಯದಲ್ಲ, ಆದರೆ ಹಾಗೇ ಬಿಟ್ಟರೆ ಮುಂದೊಂದು ದಿನ ಕೆಡಬಹುದು, ತೆಗೆಸಿಬಿಡು. ಅದರ ಜೊತೆಗೆ ಇನ್ನೊಂದು ಮಾತೂ ಹೇಳಿದರು. ಮುಖವನ್ನು ಆಡಿಸುವ ನರ ಆ ಗಂಟಿಗೆ ಅಂಟಿಕೊಂಡೇ ಹಾದುಹೋಗುತ್ತದೆ, ತೆಗೆಯುವಾಗ ಅದಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗಬಹುದು. ನನಗೆ ಕೇಳಿಸಿದ್ದು ಎರಡನೆಯ ಮಾತು ಮಾತ್ರ. ಬಾಯಿ ಸೊಟ್ಟಗಾದರೆ ಸೀಟಿ ಹೋಗುತ್ತದೆ. ಸೀಟಿ ಹೋದರೆ ನನ್ನಲ್ಲಿ ಉಳಿಯುವುದೇನು?

ನನ್ನ ಸೀಟಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ನಾನು ಹೇಳದಿದ್ದರೆ ಕೂಕಟ್‌ಪಲ್ಲಿಯಲ್ಲಿ ಬೇರೆಯವರು ಹೇಳುತ್ತಾರೆ. ನಾಯಿ, ಕೋಗಿಲೆ, ಟ್ರಾಫಿಕ್ ಪೊಲೀಸ್ ಎಲ್ಲ ಚಿಕ್ಕ ಮಕ್ಕಳ ಆಟ. ನಾನು ಪ್ರೆಷರ್ ಕುಕ್ಕರಿನ ಸೀಟಿ ಹಾಕುತ್ತಿದ್ದೆ. ಮೊದಲು ಹಬೆ ಗುಸುಗುಸು ಎನ್ನುವುದು, ಆಮೇಲೆ ಒಮ್ಮೆಲೇ ಕಿತ್ತುಕೊಂಡು ಮೇಲೇಳುವುದು, ಕೊನೆಗೆ ಸುಸ್ತಾಗಿ ಇಳಿಯುವುದು, ಮೂರೂ ಇರುತ್ತಿದ್ದವು. ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಬೆಂಗಳೂರು, ಮೈಸೂರು ಕಡೆಯ ನಾಲ್ವರು ಸಾಫ್ಟ್‌ವೇರ್ ಹುಡುಗರಿದ್ದರು. ಅವರು ಅನ್ನಕ್ಕಿಟ್ಟು ಸ್ನಾನಕ್ಕೆ ಹೋದ ಹೊತ್ತು ನೋಡಿ ನಾನು ಅಡುಗೆಮನೆ ಕಿಟಕಿಯಿಂದ ಮೂರು ಸೀಟಿ ಹೊಡೆಯುತ್ತಿದ್ದೆ. ಒಬ್ಬ ಟವೆಲಿನಲ್ಲೇ ಓಡಿ ಬಂದು ಗ್ಯಾಸ್ ಆರಿಸುತ್ತಿದ್ದ. ಒಂದಿಡೀ ತಿಂಗಳು ಆ ಹುಡುಗರು ಅರೆಬೆಂದ ಅನ್ನ ತಿಂದು, ಅಕ್ಕಿ ಅಂಗಡಿಯವನ ಜೊತೆ ಜಗಳ ಆಡಿ, ಅಂಗಡಿ ಬದಲಿಸಿದರು. ಅವರು ಬರೆದ ಪ್ರೋಗ್ರಾಮಿನಲ್ಲಿ ಅಮೆರಿಕದ ಬ್ಯಾಂಕು ನಡೆಯುತ್ತಿತ್ತಂತೆ, ನನ್ನ ತುಟಿಯ ಮುಂದೆ ಅದು ನಡೆಯಲಿಲ್ಲ.

ಅವರಂಥವರನ್ನು ತಯಾರಿಸುವ ಅಮೀರ್‌ಪೇಟೆಯ ಕೋಚಿಂಗ್ ಸೆಂಟರುಗಳೇ ನನಗೆ ಅನ್ನ ಹಾಕುತ್ತಿದ್ದದ್ದು. ದಿನಕ್ಕೊಂದು ಸೆಂಟರ್ ಹುಟ್ಟುತ್ತಿದ್ದ ಕಾಲ. ಜಾವಾ ಎಂದರೆ ಏನೆಂದು ಇವತ್ತಿಗೂ ತಿಳಿಯದು, ಆದರೆ ಅದನ್ನು ಐದು ಲಿಪಿಯಲ್ಲಿ, ಆಳೆತ್ತರದ ಅಕ್ಷರದಲ್ಲಿ, ಒಂದೂ ಗೆರೆ ಅಲುಗದಂತೆ ಏಣಿಯ ಮೇಲೆ ನಿಂತು ಬರೆದಿದ್ದೇನೆ.

ಈಗ ಆಸ್ಪತ್ರೆಯ ಪದ್ಧತಿ ಹೇಳುತ್ತೇನೆ. ಕೊನೆಯ ವರ್ಷದ ವೈದ್ಯ ವಿದ್ಯಾರ್ಥಿಗಳಿಗೆ ಪುಸ್ತಕದ ಪರೀಕ್ಷೆ ಒಂದಾದರೆ, ರೋಗಿಯ ಪರೀಕ್ಷೆ ಇನ್ನೊಂದು. ಒಬ್ಬೊಬ್ಬರಿಗೆ ಒಬ್ಬೊಬ್ಬ ರೋಗಿಯನ್ನು ಕೊಡುತ್ತಾರೆ. ಮಾತಾಡಿಸಿ, ಮುಟ್ಟಿ ನೋಡಿ, ಇವನಿಗೆ ಇಂಥದ್ದಾಗಿದೆ ಎಂದು ಪರೀಕ್ಷಕರ ಮುಂದೆ ಹೇಳಬೇಕು. ಅದಕ್ಕೆ ಕಣ್ಣಿಗೆ ಹೊಡೆದಂತೆ ಕಾಣುವ ರೋಗ ಇರುವವರು ಬೇಕಲ್ಲ, ಆರು ತಿಂಗಳಿಗೊಮ್ಮೆ ಅಟೆಂಡರ್ ನಮ್ಮಂಥ ಹಳಬರಿಗೆ ಹೇಳಿ ಕಳುಹಿಸುತ್ತಿದ್ದ. ಸೇರು ಗಾತ್ರದ ಗಂಟಲುಬಾವಿನ ಒಬ್ಬಾಕೆ, ಹೊಟ್ಟೆಯಲ್ಲಿ ಗುಲ್ಮ ಊದಿ ಕೆಳಗಿಳಿದ ಒಬ್ಬ ಆಟೋದವನು, ನಾನು. ಚಹ, ಬನ್ನು, ಊಟ, ನಂಬರ್ ಹಾಕಿದ ಮಂಚ. ಮೇಷ್ಟ್ರುಗಳಿಗಿಂತ ನಾವೇ ಹೆಚ್ಚು ಕಲಿಸಿದವರು ಎಂದು ನಾವು ಮೂವರೂ ನಂಬಿದ್ದೆವು. ಪರೀಕ್ಷಕರು ಕೇಳುವ ಪ್ರಶ್ನೆಗಳೆಲ್ಲ ನಮಗೆ ಬಾಯಿಪಾಠ. ಬಂದ ವಿದ್ಯಾರ್ಥಿಗೆ ಮೊದಲೇ ಉತ್ತರ ಹೇಳಿಕೊಟ್ಟುಬಿಡುತ್ತಿದ್ದೆವು.

ಡಾಕ್ಟರುಗಳ ಇನ್ನೊಂದು ಕಟ್ಟಳೆ ಎಂದರೆ ರೋಗಿಯ ಮುಂದೆ ಕ್ಯಾನ್ಸರ್ ಎಂಬ ಶಬ್ದ ಆಡಬಾರದು. ಆಡಬೇಕಾದಾಗ ಮೈಟಾಟಿಕ್ ಎನ್ನುತ್ತಾರೆ. ರೋಗಿ ಅದೇನೋ ವಿಟಮಿನ್ ಇರಬೇಕೆಂದು ತಲೆಯಾಡಿಸುತ್ತಾನೆ. ನನಗೆ ಎರಡನೇ ವರ್ಷಕ್ಕೇ ಅದರ ಅರ್ಥ ಗೊತ್ತಾಗಿತ್ತು. ಗೊತ್ತಾದ ಮೇಲೆ ಸುಮ್ಮನಿರುವ ಜಾತಿಯೇ ನಾನು?

ನನ್ನಂಥ ಗಂಟು ಕೆಟ್ಟರೆ ಮುಖದ ನರವನ್ನು ತಿನ್ನುತ್ತದೆ, ಒಂದು ಕಡೆ ಮುಖ ಆಡುವುದಿಲ್ಲ. ಅದಕ್ಕೇ ವಿದ್ಯಾರ್ಥಿಗಳು ಹಣೆ ಸುಕ್ಕು ಮಾಡಿ, ಕಣ್ಣು ಬಿಗಿ ಮುಚ್ಚಿ, ಹಲ್ಲು ತೋರಿಸಿ, ಸೀಟಿ ಹಾಕಿ ಎಂದು ಕೇಳುತ್ತಾರೆ. ನಾನು ಕನ್ನಡಿಯ ಮುಂದೆ ಕೂತು ಮೂರು ತಿಂಗಳು ಅಭ್ಯಾಸ ಮಾಡಿದೆ. ಬಲಗಡೆ ನಗಬೇಕು, ಎಡಗಡೆ ಸತ್ತಂತಿರಬೇಕು. ಸುಲಭ ಎನ್ನುವವರು ಒಮ್ಮೆ ಮಾಡಿ ನೋಡಲಿ. ಪಾಠದ ದಿನ ವಿದ್ಯಾರ್ಥಿ ಹಲ್ಲು ತೋರಿಸಿ ಎನ್ನುತ್ತಿದ್ದ, ನಾನು ಅರ್ಧ ಮುಖ ತೋರಿಸುತ್ತಿದ್ದೆ, ಅವನ ಕಣ್ಣು ಅರಳುತ್ತಿತ್ತು. ಪ್ರೊಫೆಸರ್ ಕಡೆ ತಿರುಗಿ ಮೈಟಾಟಿಕ್ ಸರ್ ಎನ್ನುತ್ತಿದ್ದ. ಆಗ ನಾನು ಇಡೀ ಮುಖ ಅರಳಿಸಿ ಕುಕ್ಕರ್ ಸೀಟಿ ಹೊಡೆದರೆ ವಾರ್ಡಿನಲ್ಲಿ ಡ್ರಿಪ್ ಹಾಕಿಕೊಂಡವರೂ ನಗುತ್ತಿದ್ದರು. ಪ್ರೊಫೆಸರ್ ಬೈಯುತ್ತಿದ್ದರು, ಬೈಯುತ್ತ ನಗುತ್ತಿದ್ದರು. ಒಂದೇ ನೋಟಕ್ಕೆ ತೀರ್ಮಾನ ಮಾಡಬೇಡಿ ಎಂದು ಅದನ್ನೇ ಪಾಠ ಮಾಡುತ್ತಿದ್ದರು.

ನಿಜವಾದ ಪರೀಕ್ಷೆಯಲ್ಲಿ ಆ ಆಟ ಆಡಿದ್ದು ಒಂದೇ ಸಲ.

ಅದಾಗಿ ಆರು ತಿಂಗಳಿಗೆ, ಮುಂದಿನ ಪರೀಕ್ಷೆಗೆ ವಾರವಿರುವಾಗ, ಹೆಸರು ಬರೆಸಲು ಆಸ್ಪತ್ರೆಗೆ ಹೋಗಿದ್ದೆ. ಪ್ರೊಫೆಸರ್ ಎದುರಿಗೆ ಸಿಕ್ಕು, ನನ್ನ ಹೆಗಲು ತಟ್ಟಿ, "ಏಂ ತಾತಾ, ಅದೇ ಗಂಟು ತಾನೆ" ಎಂದು ಪಟ್ಟಿಗೆ ಸೇರಿಸಿದರು. ಎಂದಿನಂತೆ ಅಟೆಂಡರ್ ಚೀಟಿ ಬರೆಯಲು ನನ್ನನ್ನೇ ಕೂರಿಸಿದ. ಯಾವ ವಿದ್ಯಾರ್ಥಿಗೆ ಯಾವ ಮಂಚ ಎನ್ನುವುದು ಚೀಟಿ ಎತ್ತಿ ತೀರ್ಮಾನವಾಗುವುದು, ಮಂಚದ ನಂಬರುಗಳನ್ನು ನನ್ನ ಚೆಂದದ ಅಕ್ಷರದಲ್ಲಿ ಬರೆಸುವುದು ಅವನಿಗೊಂದು ಶೋಕಿ. ಕಾರಿಡಾರಿನ ಬೆಂಚಿನಲ್ಲಿ ಬರೆಯುತ್ತ ಕೂತಿದ್ದೆ. ಹೋಗಿಬರುವ ವಿದ್ಯಾರ್ಥಿಗಳು ಬಗ್ಗಿ ಕೇಳುತ್ತಿದ್ದರು, ನಾನು ಎಲ್ಲರಿಗೂ ಒಂದೇ ಮಂತ್ರ ಹೇಳಿ ಕಳುಹಿಸುತ್ತಿದ್ದೆ: ಹನ್ನೆರಡು ವರ್ಷದ ಗಂಟು, ನೋವಿಲ್ಲ, ನರ ಸರಿಯಿದೆ, ಸಾದಾ ಗಂಟು, ಮುಟ್ಟಿ ನೋಡುವುದೂ ಬೇಕಿಲ್ಲ.

ಒಂದು ಹುಡುಗಿ ಮಾತ್ರ ಸ್ವಲ್ಪ ದೂರದಲ್ಲೇ ನಿಂತಿದ್ದಳು. ಸಪೂರ, ಉದ್ದ ಜಡೆ, ಬಿಳಿ ಕೋಟಿನ ತೋಳು ಬೆರಳವರೆಗೆ ಇಳಿದಿತ್ತು.

"ಅಜ್ಜಾರ, ನೀವು ಕನ್ನಡದವ್ರಂತಲ್ರಿ," ಎಂದಳು.

"ಹೌದವ್ವ. ನೀ ಯಾವ ಕಡಿಯಾಕಿ?"

"ರಾಯಚೂರ ಕಡಿಯಾಕಿರಿ. ಹೋದ ಪರೀಕ್ಷೆದಾಗ ನೀವ ನನ್ನ ಕೇಸ್ ಇದ್ರಿ."

ನೆನಪಾಯಿತು. ನೆನಪಾಗಿ ನಗುವೂ ಬಂತು. "ಅರೆ, ನನ್ನ ಮಾರಿ ನೋಡಿ ಮೈಟಾಟಿಕ್ ಅಂದಾಕಿ ನೀನ ಅಲ್ಲೇನು? ಭಾಳ ಠಸ್ಸೆ ಹೊಡದಂಗ ಹೇಳಿದ್ದಿ. ಆ ಶಬ್ದ ನನಗ ತಿಳೀತದ ಅಂತ ನಿನಗೇನ ಗೊತ್ತು ಪಾಪ. ನಾ ಸೀಟಿ ಹೊಡದಾಗ ನಿನ್ನ ಮಾರಿ ನೋಡಬೇಕಿತ್ತು."

"ಫೇಲ್ ಆದೆರಿ," ಎಂದಳು.

ನನ್ನ ಕೈಯಲ್ಲಿದ್ದ ಬ್ರಷ್ಷಿನಿಂದ ಒಂದು ಹನಿ ಚೀಟಿಯ ಮೇಲೆ ಬಿತ್ತು. ಅವಳು ದೂರುವ ದನಿಯಲ್ಲಿ ಹೇಳಿರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದ್ದಳು.

"ಅದೊಂದರಾಗೇನು?"

"ಅದೊಂದರಾಗ. ಉಳಿದದ್ದೆಲ್ಲಾ ಪಾಸ್ರಿ. ಹೊರಗಿನಿಂದ ಬಂದ ಪರೀಕ್ಷಕರು ಸಾದಾ ಗಂಟಿಗೆ ಕ್ಯಾನ್ಸರ್ ಅಂದಾಕಿ ಕೈಯಾಗ ಚಾಕು ಕೊಡಬಾರದು ಅಂದ್ರು. ಈಗ ಮತ್ತ ಕುಂದರಬೇಕು."

ನಾನು ಹನ್ನೆರಡು ವರ್ಷದಿಂದ ಆ ಆಸ್ಪತ್ರೆಯ ಮೆಟ್ಟಿಲು ಹತ್ತಿದವನು. ಅಷ್ಟು ವರ್ಷದಲ್ಲಿ ಒಂದು ದಿನವೂ ಪರೀಕ್ಷೆಯ ಫಲಿತಾಂಶ ಕೇಳಿರಲಿಲ್ಲ. ಬನ್ನು ತಿಂದು, ಸೀಟಿ ಹೊಡೆದು, ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದೆ. ನಗಿಸಿದೆ ಎಂದುಕೊಂಡಿದ್ದೆ. ನನ್ನ ನಗೆ ಒಬ್ಬರ ಆರು ತಿಂಗಳನ್ನು ನುಂಗಿತ್ತು.

"ಈ ಸಲಾನೂ ಹೋದ್ರ?" ಎಂದು ಕೇಳಿದೆ.

"ಹಾಸ್ಟೆಲ್ ಬಿಡಿಸ್ತಾರ್ರಿ. ಅಪ್ಪ ಗಚ್ಚಿಬೌಲಿದಾಗ ಹೊಸಾ ಬಿಲ್ಡಿಂಗಿಗೆ ಸೆಂಟ್ರಿಂಗ್ ಕೆಲಸ ಮಾಡ್ತಾನ. ಅವ್ವ ಅಲ್ಲೇ ಉಸುಕು ಹೊರ್ತಾಳ. ತಗಡಿನ ಶೆಡ್ಡಿನ್ಯಾಗ ಎಂಟು ಮಂದಿ ಇರ್ತೀವಿ. ಅಲ್ಲಿ ಕುಂತು ಮೂರನೇ ಸಲ ಓದೂದು ನನ್ನಿಂದ ಆಗಂಗಿಲ್ರಿ."

ಇಷ್ಟು ಹೇಳಿ ಕೋಟಿನ ತೋಳು ಮಡಚತೊಡಗಿದಳು. ಮಡಚಿದ್ದು ಮತ್ತೆ ಜಾರಿತು.

ನಾನು ಸುತ್ತ ನೋಡಿ ದನಿ ತಗ್ಗಿಸಿದೆ. "ಕೇಳಿಲ್ಲಿ. ನನ್ನದು ನಾಕನೇ ನಂಬರ್ ಮಂಚ. ನಾಕನೇ ನಂಬರ್ ಚೀಟಿಗೆ ಟರ್ಪಂಟೈನ್ ಹಚ್ಚಿ ಒಣಗಸ್ತೀನಿ. ನೀ ಡಬ್ಬಿಯೊಳಗ ಕೈ ಹಾಕು, ಮೂಗಿನ ಹತ್ರ ತಂದು ನೋಡು, ಪೇಂಟ್ ವಾಸನಿ ಹೊಡೀತಂದ್ರ ಅದ ನಂದು. ಬಂದು ನಾ ಹೇಳಿದ್ದು ಹೇಳು. ಹನ್ನೆರಡು ವರ್ಷ, ನೋವಿಲ್ಲ, ನರ ಸರಿ ಐತಿ. ಮುಗೀತು. ನನ್ನ ಅಪ್ಪನಾಣಿ, ಈ ಸಲ ಆಟ ಆಡಂಗಿಲ್ಲ."

"ಹಂಗ ಮೂಸಿ ನೋಡೂದು ತಪ್ಪಲ್ರಿ?"

"ನಾ ಮಾಡಿದ್ದು ಏನು ಪುಣ್ಯೇನು?"

ವಾರ್ಡಿನ ಸಿಸ್ಟರ್ ಬಂದು ಪರೀಕ್ಷೆಯ ರೋಗಿಗಳ ಹತ್ತಿರ ಏನು ಕೆಲಸ ಎಂದು ಗದರಿದಾಗ ಅವಳು ಹೋಗಿಬಿಟ್ಟಳು. ನಾನು ನಾಲ್ಕನೇ ಚೀಟಿಗೆ ಎರಡು ಸಲ ಟರ್ಪಂಟೈನ್ ಸವರಿ, ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಉಳಿದವುಗಳ ಜೊತೆ ಹಾಕಿ, ಮುಚ್ಚಳ ಒತ್ತಿ ಅಟೆಂಡರಿನ ಕೈಗೆ ಕೊಟ್ಟೆ. ಇಂಥ ಬುದ್ಧಿ ಬೇರೆ ಯಾರಿಗೆ ಬರುತ್ತದೆ ಎಂದು ಬಸ್ಸಿನಲ್ಲಿ ಒಬ್ಬನೇ ಹೆಮ್ಮೆಪಟ್ಟೆ.

ಆ ವಾರ ಮನೆಯಲ್ಲಿ ನಡೆದದ್ದನ್ನು ಈಗ ನೆನೆದರೆ ಮೈ ಜುಂ ಎನ್ನುತ್ತದೆ, ಆಗ ಏನೂ ಅನ್ನಿಸಲಿಲ್ಲ. ಚಹ ಕುಡಿಯುವಾಗ ಅಂಗಿಯ ಮೇಲೆ ಸೋರುತ್ತಿತ್ತು, ಎಡಗಡೆಗೆ. ಕಪ್ಪಿನ ಅಂಚು ಒಡೆದಿದೆ ಎಂದು ಕಪ್ಪು ಬದಲಿಸಿದೆ. ಏಣಿಯ ಮೇಲೆ ನಿಂತರೆ ಎಡಗಣ್ಣಿನಲ್ಲಿ ನೀರು ಬರುತ್ತಿತ್ತು. ಅಮೀರ್‌ಪೇಟೆಯ ಧೂಳು ಎಂದೆ. ಗಡ್ಡ ಮಾಡಿಕೊಳ್ಳುವಾಗ ಕಿವಿಯ ಹತ್ತಿರ ಚುಳ್ ಎಂದಿತು. ಬ್ಲೇಡು ಹಳೆಯದೆಂದೆ. ಪಕ್ಕದ ಹುಡುಗರಿಗೆ ಸೀಟಿ ಹೊಡೆಯಲು ಹೋದೆ, ಗುಸುಗುಸು ಬಂತು, ಮೇಲೇಳಲಿಲ್ಲ. ಒಳಗಿನಿಂದ ನನ್ನ ಹೆಂಡತಿ, "ಯಾಕ್ರಿ, ನಿಮ್ಮ ಕುಕ್ಕರಿನ ಗ್ಯಾಸ್ಕೆಟ್ ಹೋದಂಗ ಕಾಣ್ತದ, ವಯಸ್ಸಾತು ಬಿಡ್ರಿ" ಎಂದಳು. ಹಲ್ಲಿನ ನಡುವೆ ಅಡಿಕೆ ಚೂರು ಸಿಕ್ಕಿದೆ ಎಂದು ಅವಳ ಬಾಯಿ ಮುಚ್ಚಿಸಿದೆ. ಜಗತ್ತನ್ನೆಲ್ಲ ಮೂರ್ಖ ಮಾಡಿದವನು ತನ್ನನ್ನು ಮಾಡಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು?

ಪರೀಕ್ಷೆಯ ದಿನ ಬೆಳಿಗ್ಗೆ ನಾಲ್ಕನೇ ಮಂಚದ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದೆ. ಅಟೆಂಡರ್ ಸ್ಟೀಲಿನ ತಟ್ಟೆಗೆ ಕತ್ತರಿಯಿಂದ ಟಣ್ ಎಂದು ಹೊಡೆದ. ಬಾಗಿಲಲ್ಲಿ ಒಂದು ಸಾಲು ಬಿಳಿ ಕೋಟುಗಳು ಚದುರಿದವು. ಜಡೆಯ ಹುಡುಗಿ ನೇರ ನನ್ನ ಮಂಚಕ್ಕೆ ಬಂದು ಚೀಟಿ ತೋರಿಸಿದಳು. ನನ್ನದೇ ಅಕ್ಷರ, ನನ್ನದೇ ನಾಲ್ಕು. ನಾನು ಕಣ್ಣು ಹೊಡೆದೆ. ಅವಳು ನಗಲಿಲ್ಲ.

"ಎಷ್ಟು ದಿನದಿಂದ ಐತ್ರಿ ಈ ಗಂಟು?"

"ಹನ್ನೆರಡು ವರ್ಷ. ನೋವಿಲ್ಲ. ಬರಕೋ."

"ಇತ್ತೀಚಿಗೆ ದೊಡ್ಡದಾಗೇತೇನ್ರಿ?"

"ಇಲ್ಲ ಅಂತ ಬರಿ."

"ಇಲ್ಲ ಅಂತ ಬರೀಲೋ, ಇಲ್ಲೋ?"

ನಾನು ಕೈ ಒಯ್ದು ಮುಟ್ಟಿಕೊಂಡೆ. ವರ್ಷಗಟ್ಟಲೆ ಇದ್ದ ವಸ್ತುವನ್ನು ಯಾರು ಅಳೆಯುತ್ತಾರೆ? ಕಾಲರಿನ ಮೇಲಿನ ಗುಂಡಿ ಎರಡು ತಿಂಗಳಿಂದ ಹಾಕಿರಲಿಲ್ಲ ಎಂಬುದು ಆಗ ಹೊಳೆಯಿತು. "ಎರಡು ತಿಂಗಳಿಂದ ಒಂದೀಟು ಆಗಿರಬೇಕು," ಎಂದೆ.

ಅವಳ ಬೆರಳು ಗಂಟಿನ ಮೇಲೆ ಬಂದವು. ತಣ್ಣಗಿದ್ದವು. ಮೊದಲು ಸುತ್ತ ತಿರುಗಿದವು, ಆಮೇಲೆ ಒಂದು ಕಡೆ ನಿಂತವು. ಹಲ್ಲು ಕಚ್ಚಿ ಹಿಡಿಯಿರಿ ಎಂದಳು, ಕಚ್ಚಿದೆ. ಗಂಟನ್ನು ಅಲುಗಾಡಿಸಲು ನೋಡಿದಳು. ಕತ್ತಿನ ಕೆಳಗೆ ಬೆರಳಿಳಿಸಿ ಅಲ್ಲಿಯೂ ಒಂದು ಕಡೆ ನಿಂತಳು. ಆಮೇಲೆ ಎದುರಿಗೆ ಬಂದು ಕಣ್ಣು ಬಿಗಿಯಾಗಿ ಮುಚ್ಚಲು ಹೇಳಿ, ಹೆಬ್ಬೆರಳಿನಿಂದ ಎರಡೂ ರೆಪ್ಪೆ ಬಿಡಿಸಲು ನೋಡಿದಳು. ಬಲಗಣ್ಣು ಬಿಡಲಿಲ್ಲ. ಎಡಗಣ್ಣು ಪಟ್ಟನೆ ತೆರೆದುಕೊಂಡಿತು. ತೆರೆದ ಕಣ್ಣಿಗೆ ಅವಳ ಮುಖವೇ ಕಂಡಿತು. ಬೆಳ್ಳಗಾಗಿತ್ತು.

"ಅಜ್ಜಾರ," ಎಂದು ಪಿಸುಗುಟ್ಟಿದಳು, "ಆಣಿ ಹಾಕಿದ್ರಲ್ರಿ."

"ಏನಾತು?"

"ಮತ್ತ ಅದ ಮಾಡಾಕತ್ತೀರಿ. ಎಡಗಣ್ಣು ಸಡಿಲ ಬಿಟ್ಟೀರಿ."

"ನಾ ಏನೂ ಬಿಟ್ಟಿಲ್ಲವ್ವ. ಬಿಗಿ ಹಿಡದೀನಿ."

"ಹಲ್ಲು ತೋರಸ್ರಿ."

ತೋರಿಸಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. "ಅಪ್ಪಗ ಏನಂತ ಹೇಳ್ಲಿರಿ ನಾನು. ನಿಮ್ಮ ಕಾಲಿಗೆ ಬೀಳ್ತೀನಿ, ಪೂರಾ ತೋರಸ್ರಿ."

"ಪೂರಾನ ತೋರಸೀನಿ," ಎಂದೆ. ನನಗೆ ಸಿಟ್ಟೂ ಬಂತು. ಒಮ್ಮೆ ಸುಳ್ಳಾಡಿದವನನ್ನು ಹೀಗೆ ಸಂಶಯಪಡುವುದೇ? "ಬೇಕಂದ್ರ ಸೀಟಿ ಹೊಡೀತೀನಿ, ಕೇಳು."

ತುಟಿ ಕೂಡಿಸಿ ಊದಿದೆ. ಗಾಳಿ ಹೋಯಿತು. ಎಡಮೂಲೆಯಿಂದ, ಒಡೆದ ಕೊಳವೆಯಿಂದ ಹೋದ ಹಾಗೆ, ಸುಮ್ಮನೆ ಗಾಳಿ. ಮತ್ತೊಮ್ಮೆ ಊದಿದೆ. ಬೆರಳಿನಿಂದ ಎಡತುಟಿಯನ್ನು ಒತ್ತಿ ಹಿಡಿದು ಊದಿದೆ. ಆಗ ಅರ್ಧ ಸ್ವರ ಬಂತು, ಬೆರಳು ತೆಗೆದ ಕೂಡಲೇ ಹೋಯಿತು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಹನ್ನೆರಡು ವರ್ಷ ಆ ವಾರ್ಡಿನಲ್ಲಿ ಪರೀಕ್ಷಕರ ಪ್ರಶ್ನೆ ಕೇಳಿದವನು ನಾನು. ಹಳೆಯ ಗಂಟು ಒಮ್ಮೆಲೇ ಬೆಳೆದರೆ ಏನು? ಸ್ನಾಯುವಿಗೆ ಅಂಟಿದರೆ ಏನು? ನರ ಸೋತರೆ ಏನು? ಮೂರಕ್ಕೂ ಒಂದೇ ಉತ್ತರ. ಆ ಉತ್ತರವನ್ನು ಎಷ್ಟೋ ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೆ. ಕಪ್ಪು ಒಡೆದಿರಲಿಲ್ಲ. ಬ್ಲೇಡು ಹಳೆಯದಾಗಿರಲಿಲ್ಲ. ಮಂಚದ ಕಬ್ಬಿಣ ಹಿಡಿದುಕೊಂಡೆ.

ತಟ್ಟೆ ಟಣ್ ಎಂದಿತು. ಪ್ರೊಫೆಸರ್ ಬಂದರು, ಜೊತೆಗೆ ಹೊರ ಊರಿನಿಂದ ಬಂದ ಪರೀಕ್ಷಕಿ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ವಯಸ್ಸಾದ ಡಾಕ್ಟರಮ್ಮ. ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷ್ ಬಾರದು, ಆದರೆ ಈ ಪರೀಕ್ಷೆಯ ಇಂಗ್ಲಿಷ್ ಪೂರ್ತಿ ಬರುತ್ತದೆ.

ಹುಡುಗಿ ಶುರುಮಾಡಿದಳು. ವಯಸ್ಸು, ಕೆಲಸ, ಹನ್ನೆರಡು ವರ್ಷದ ಗಂಟು. ಎರಡು ತಿಂಗಳಿಂದ ಬೆಳೆಯುತ್ತಿದೆ ಎಂದಾಗ ಪ್ರೊಫೆಸರ್ ಹುಬ್ಬೇರಿಸಿದರು. ಗಂಟಿನ ಗಾತ್ರ, ಆಕಾರ ಹೇಳಿದಳು. ಅಲ್ಲಿಗೆ ನಿಂತಳು.

"ಮುಖದ ನರ?" ಎಂದರು ಪರೀಕ್ಷಕಿ.

ಅವಳು ಪರೀಕ್ಷಕಿಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ಪ್ರೊಫೆಸರ್ ತಮ್ಮ ಕೈಯಲ್ಲಿದ್ದ ಪಟ್ಟಿಯನ್ನು ಪರೀಕ್ಷಕಿಗೆ ತೋರಿಸಿದರು. ಅದರಲ್ಲಿ ನಾನು ಸಾದಾ ಗಂಟು, ನರ ಸರಿಯಿದೆ. "ಹೇಳಮ್ಮಾ, ಸುಲಭದ ಕೇಸು," ಎಂದರು. ಅವರ ದನಿಯಲ್ಲಿ ಕನಿಕರವಿತ್ತು. ಹೋದ ಸಲ ಇವಳು ಎಲ್ಲಿ ಜಾರಿದ್ದಳೆಂದು ಅವರಿಗೂ ನೆನಪಿತ್ತು.

ನಾನು ಹೇಳಿಕೊಟ್ಟದ್ದನ್ನು ಹೇಳಿದರೆ ಅವಳು ಪಾಸು, ಕಾಗದ ಅವಳ ಪರವಾಗಿತ್ತು. ಕಂಡದ್ದನ್ನು ಹೇಳಿದರೆ, ಅದೇ ಮುದುಕ ಅದೇ ಹುಡುಗಿಗೆ ಎರಡನೇ ಸಲ ಟೋಪಿ ಹಾಕಿದ ಎನ್ನುತ್ತಾರೆ. ಅವಳ ಭಯ ಇದೇ ಎಂದು ಮೊದಲು ಅಂದುಕೊಂಡೆ. ಆಮೇಲೆ ಅವಳ ಕಣ್ಣು ನೋಡಿದೆ. ಅದು ಭಯವಾಗಿರಲಿಲ್ಲ. ಆ ಶಬ್ದ ನನಗೆ ತಿಳಿಯುತ್ತದೆಂದು ಬೆಂಚಿನ ಮೇಲೆ ಕೂತು ಜಂಬ ಕೊಚ್ಚಿದವನು ನಾನೇ. ಉಳಿದ ರೋಗಿಗಳ ಮುಂದೆ ಅದು ಬರೀ ಇಂಗ್ಲಿಷು. ನನ್ನ ಮುಂದೆ ಅದನ್ನು ಆಡುವುದೆಂದರೆ ನನಗೇ ಹೇಳಿದ ಹಾಗೆ, ಅದೂ ಅಂಕಕ್ಕಾಗಿ. ಆ ಮಗು ತಡೆದು ನಿಂತದ್ದು ಅದಕ್ಕೆ.

ಪರೀಕ್ಷೆಯ ರೋಗಿ ಬಾಯಿ ಬಿಡಬಾರದು. ನಾನು ಬಿಟ್ಟೆ.

"ಹೇಳವ್ವ," ಎಂದೆ. "ನಾ ಹೇಳಿಕೊಟ್ಟಿದ್ದು ಬ್ಯಾಡ. ನೀ ಕಂಡಿದ್ದು ಹೇಳು. ನನಗೇನ ಹೊಸಾ ಶಬ್ದ ಅಲ್ಲ ಅದು."

"ತಾತಾ, ನೋರು ಮೂಸುಕೋ," ಎಂದು ಪ್ರೊಫೆಸರ್ ನನ್ನ ಬಾಯಿ ಮುಚ್ಚಿಸಿದರು.

ಹುಡುಗಿ ಕೋಟಿನ ಎರಡೂ ತೋಳನ್ನು ಮೇಲಕ್ಕೆಳೆದುಕೊಂಡಳು. ಎಡಗಡೆಯ ನರ ಸೋತಿದೆ ಎಂದಳು. ಗಂಟು ಕೆಳಗಿನ ಸ್ನಾಯುವಿಗೆ ಕಚ್ಚಿಕೊಂಡಿದೆ, ಕತ್ತಿನಲ್ಲಿ ಇನ್ನೊಂದು ಸಣ್ಣ ಗಂಟಿದೆ ಎಂದಳು. ಹಳೆಯ ಸಾದಾ ಗಂಟು ಈಗ ಮೈಟಾಟಿಕ್ ಆಗಿದೆ ಎಂದು ನನ್ನಿಂದ ಕಣ್ಣು ತೆಗೆಯದೆ ಹೇಳಿದಳು.

ಪ್ರೊಫೆಸರ್ ತಲೆಯ ಮೇಲೆ ಕೈ ಇಟ್ಟುಕೊಂಡರು. ನಕ್ಕರು, ಆ ನಗುವಿನಲ್ಲಿ ಬೇಸರವಿತ್ತು. "ಮೇಡಂ, ಈ ಮುದುಕನದು ಇದೇ ನಾಟಕ. ಹೋದ ಸಲವೂ ಇದೇ ಹುಡುಗಿಗೆ ಇದನ್ನೇ ಮಾಡಿದ. ಚಾಲು ತಾತಾ, ಸಾಕು. ಹುಡುಗಿಯ ಜೀವನ ಇದು. ಸೀಟಿ ಹಾಕು."

"ಬರವಲ್ದು ಸರ್," ಎಂದೆ.

"ಹಾಕು."

ಊದಿದೆ. ಗಾಳಿ ಬಂತು, ಜೊತೆಗೆ ಎಡಮೂಲೆಯಿಂದ ಒಂದು ಎಳೆ ಜೊಲ್ಲು ಇಳಿದು ಇಸ್ತ್ರಿ ಅಂಗಿಯ ಮೇಲೆ ಬಿತ್ತು. ಒರೆಸಿಕೊಳ್ಳಲು ಕೈ ಏಳಲಿಲ್ಲ. ವಾರ್ಡಿನಲ್ಲಿ ಯಾರೋ ಅಭ್ಯಾಸಬಲದಿಂದ ನಕ್ಕು, ಅರ್ಧಕ್ಕೆ ನಿಲ್ಲಿಸಿದರು.

ಪರೀಕ್ಷಕಿ ನನ್ನ ಹಿಂದೆ ಬಂದು ನಿಂತು ಕತ್ತಿನ ಮೇಲೆ ಬೆರಳಿಟ್ಟರು. ಅಷ್ಟೊಂದು ಹೊತ್ತು ಹಿಂದೆ ಯಾರೂ ಬೆರಳು ಇಟ್ಟುಕೊಂಡಿರಲಿಲ್ಲ. ಆಮೇಲೆ ಪ್ರೊಫೆಸರಿಗೆ ಜಾಗ ಬಿಟ್ಟುಕೊಟ್ಟರು. ಹನ್ನೆರಡು ವರ್ಷದಿಂದ ನನಗೆ ಗೊತ್ತಿದ್ದ ಆ ಬೆರಳು ಗಂಟಿನ ಮೇಲೆ ಬಂದು, ಜಾರಿ, ಮತ್ತೆ ಹಿಂದೆ ಬಂದು ನಿಂತವು. ಪ್ರೊಫೆಸರಿನ ಮುಖದಲ್ಲಿ ನಗು ಇಳಿದುಹೋದದ್ದನ್ನು ನಾನು ಒಂದಡಿ ದೂರದಿಂದ ನೋಡಿದೆ.

"ಎಷ್ಟು ದಿನದಿಂದ, ತಾತಾ?"

"ಕುಕ್ಕರ್ ಕೆಟ್ಟಾಗಿಂದ ಸರ್," ಎಂದೆ. ನನಗೇ ನಗು ಬರಲಿಲ್ಲ.

"ಹೋದ ವಾರ ಪಟ್ಟಿಗೆ ಹಾಕುವಾಗ ನಾನು ನಿನ್ನ ಹೆಗಲು ಮುಟ್ಟಿದೆ," ಎಂದರು ಅವರು, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ. "ಗಂಟು ಮುಟ್ಟಲಿಲ್ಲ."

ಪರೀಕ್ಷಕಿ ಹುಡುಗಿಗೆ ಹೋಗಬಹುದು ಎಂದು ಸನ್ನೆ ಮಾಡಿದರು. ಪಾಸೋ ನಪಾಸೋ ಅವರ ಮುಖದಲ್ಲಿ ಏನೂ ಬರೆದಿರಲಿಲ್ಲ. ಹುಡುಗಿ ಬಾಗಿಲವರೆಗೆ ಹೋಗಿ, ಚೀಟಿ ಮರೆತವಳಂತೆ ತಿರುಗಿ ಬಂದು, ನನ್ನ ಜೇಬಿನಿಂದ ಕರವಸ್ತ್ರ ತೆಗೆದು ನನ್ನ ಗಲ್ಲ ಒರೆಸಿ ಹೋದಳು.

ಎಲ್ಲ ರೋಗಿಗಳೂ ಬನ್ನು ತಿಂದು ಮನೆಗೆ ಹೋದರು. ಆಟೋದವನು ಹೋಗುತ್ತ ಹೋಗುತ್ತ ನಾಲ್ಕು ಸಲ ತಿರುಗಿ ನೋಡಿದ. ನನ್ನನ್ನು ಬಿಡಲಿಲ್ಲ. ಸೂಜಿ ಚುಚ್ಚಿ ನೀರು ತೆಗೆದರು, ಸ್ಕ್ಯಾನಿಗೆ ಕಳುಹಿಸಿದರು. ಗಂಟಿನ ಜೊತೆ ನರವನ್ನೂ ತೆಗೆಯಬೇಕಾಗುತ್ತದೆ, ಆಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕಾಗುತ್ತದೆ ಎಂದು ಪ್ರೊಫೆಸರ್ ನನ್ನ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದರು. ಹಬ್ಬಿರುವುದು ಸ್ವಲ್ಪವೇ, ಇನ್ನೊಂದು ಆರು ತಿಂಗಳು ಬಿಟ್ಟಿದ್ದರೆ ಕೈ ಮೀರುತ್ತಿತ್ತು ಎಂದರು. ನನ್ನ ಹೆಂಡತಿ ಅವರ ಮಾತು ಪೂರ್ತಿ ಕೇಳಿ, ನನ್ನ ಕಡೆ ತಿರುಗಿ, "ಅಡಿಕಿ ಚೂರು ಅಂದ್ರಿ," ಎಂದಳು. ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು.

ಫಲಿತಾಂಶ ಬಂದ ದಿನ ಮಧ್ಯಾಹ್ನ ಹುಡುಗಿ ವಾರ್ಡಿಗೆ ಬಂದಳು. ಮಂಚದ ಕಾಲ ಬಳಿ ನಿಂತು, ಸಾವಿನ ಸುದ್ದಿ ಹೇಳುವವಳ ಹಾಗೆ, "ಪಾಸಾತ್ರಿ" ಎಂದಳು.

"ಅದಕ್ಕ ಅಳೂದ್ಯಾಕ?"

"ನೀವು ಹಿಂಗ ಮಲಗಿದ್ದಕ್ಕ ನಾ ಪಾಸಾದಂಗಾತಲ್ರಿ."

"ಹ್ವಾದ ಸಲ ನಾ ನಕ್ಕಿದ್ದಕ್ಕ ಫೇಲಾಗಿದ್ದಿ. ಲೆಕ್ಕ ಚುಕ್ತಾ," ಎಂದೆ. "ಅಪ್ಪಗ ಹೇಳಿದೇನು?"

"ಹೇಳಿದೆರಿ. ಸೆಂಟ್ರಿಂಗ್ ಹಲಗಿ ಮ್ಯಾಲಿಂದ ಇಳದ ಬರಲಿಲ್ಲ. ಅಲ್ಲೇ ಕುಂತ, ಭಾಳ ಹೊತ್ತು."

ಅವಳ ಅಪ್ಪ ಆ ಎತ್ತರದಲ್ಲಿ ಕೂತದ್ದನ್ನು ಏಣಿಯ ಮನುಷ್ಯನಾದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ನಾನು ನಾನೇ. ಮರುದಿನ ಆಪರೇಷನ್ನಿನಲ್ಲಿ ಮುಖದ ಅರ್ಧ ಕಳೆದುಕೊಳ್ಳುವವನಿಗೂ ಜಂಬ ಬಿಡಲಿಲ್ಲ.

"ನೋಡು, ಇಷ್ಟಕ್ಕೆಲ್ಲಾ ಕಾರಣ ನನ್ನ ಟರ್ಪಂಟೈನು," ಎಂದೆ. "ಆ ಐಡಿಯಾ ಮಾಡ್ಲಿಲ್ಲಂದ್ರ ನೀ ಎಲ್ಲೋ, ನಾ ಎಲ್ಲೋ. ಖರೆ ಹೇಳು, ಮೂಸಿ ನೋಡಿದಿ ಹೌದಿಲ್ಲೋ?"

ಅವಳು ತಲೆ ತಗ್ಗಿಸಿದಳು. "ನೋಡಿದೆರಿ."

"ಹಾಂ. ಮತ್ತ?"

"ಎಲ್ಲಾ ಚೀಟಿನೂ ಅದ ವಾಸನಿ ಹೊಡೀತಿದ್ವು ಅಜ್ಜಾರ. ಒಂದು ವಾರ ಮುಚ್ಚಿದ ಡಬ್ಬಿಯೊಳಗ ಇದ್ವಲ್ರಿ. ಎರಡು ಮೂಸಿದೆ, ಎರಡೂ ಒಂದ. ಹಿಂದಿನವ್ರು ನೂಕಿದ್ರು. ಕೈಗೆ ಸಿಕ್ಕಿದ್ದು ತಗೊಂಡು ಬಂದೆ."

ಅವಳು ಹೋದ ಮೇಲೆ ಖಾಲಿ ಮಂಚಗಳ ಸಾಲನ್ನು ನೋಡುತ್ತ ಕೂತೆ. ಒಂದು, ಎರಡು, ಮೂರು. ಅವುಗಳ ಮುಂದೆ ಅವತ್ತು ನಿಂತಿದ್ದ ಒಬ್ಬೊಬ್ಬರ ಮುಖವೂ ನೆನಪಿತ್ತು. ನಾಲ್ಕನೇ ಚೀಟಿ ಅವರಲ್ಲಿ ಯಾರ ಕೈಗೂ ಸಿಗಬಹುದಿತ್ತು. ಒಬ್ಬೊಬ್ಬರಿಗೂ ಬೆಂಚಿನ ಮೇಲೆ ಕೂತು, ನರ ಸರಿಯಿದೆ, ಸಾದಾ ಗಂಟು, ಮುಟ್ಟಿ ನೋಡುವುದೂ ಬೇಕಿಲ್ಲ ಎಂದು ನಾನೇ ಹೇಳಿಕೊಟ್ಟಿದ್ದೆ.